ತಂಬೂರಿನಿಂದ ಹುಬ್ಬಳ್ಳಿಗೆ ಓಡಿದ ಕಾರು

ಎಂಜಿನ್ನಿನ ವಿಷಯದಲ್ಲಿ ದೆವ್ವ, ದೃಷ್ಟಿ, ಪವಾಡ ಯಾವುದನ್ನೂ ನಾನು ನಂಬಿದವನಲ್ಲ. ಪೆಟ್ರೋಲು, ಗಾಳಿ, ಕಿಡಿ ಮೂರೂ ಸರಿಯಾಗಿ ಸೇರಿದರೆ ಗಾಡಿ ಓಡುತ್ತದೆ, ಒಂದು ತಪ್ಪಿದರೂ ನಿಲ್ಲುತ್ತದೆ. ಬಂಪರಿಗೆ ನಿಂಬೆಹಣ್ಣು ಕಟ್ಟಿಕೊಂಡು ಬಂದವರನ್ನು ಕಂಡರೆ ನನಗೆ ನಗು. ಎಂಬತ್ತರ ದಶಕದಲ್ಲಿ ಕಲಘಟಗಿಯಲ್ಲಿ ನನ್ನದೊಂದು ಗ್ಯಾರೇಜಿತ್ತು. ಹುಬ್ಬಳ್ಳಿಯವರು ಕೈಬಿಟ್ಟ ಗಾಡಿಗಳೂ ನನ್ನ ಹತ್ತಿರ ಬರುತ್ತಿದ್ದವು. ಶಬ್ದ ಕೇಳಿಯೇ ದೋಷ ಹೇಳುತ್ತಿದ್ದೆ. ಇದನ್ನು ಜಂಬ ಎಂದರೆ ಅನ್ನಿ, ಬೇಡವೆನ್ನುವುದಿಲ್ಲ.

ಒಂದು ಮಧ್ಯಾಹ್ನ ಸಮೀಪದ ತಂಬೂರು ಹಳ್ಳಿಯ ರೈತ ಫಕೀರಪ್ಪ ಸೈಕಲ್ ತುಳಿದುಕೊಂಡು ಏದುಸಿರು ಬಿಡುತ್ತ ಬಂದ. ಅವನ ಹೆಂಡತಿ ನೀಲವ್ವನಿಗೆ ಬೆಳಗಿನಿಂದ ಹೆರಿಗೆ ನೋವು. ಮಗು ಅಡ್ಡ ತಿರುಗಿದೆ, ಕೂಡಲೇ ಹುಬ್ಬಳ್ಳಿಗೆ ಒಯ್ಯಿರಿ ಎಂದು ಸೂಲಗಿತ್ತಿ ಹೇಳಿದ್ದಳು. ನನ್ನ ಹಳೆಯ ಕಾರಿನಲ್ಲಿ ಅವನ ಮನೆಗೆ ಹೋದೆ. ಹೆಂಗಸರು ಆಕೆಯನ್ನು ಹೊರಗೆ ಕರೆತರಲು ಸ್ವಲ್ಪ ಹೊತ್ತು ಹಿಡಿಯಿತು. ಹಿಂದಿನ ಸೀಟಿನಲ್ಲಿ ಮಲಗಿಸಿ ಕೀಲಿ ತಿರುವಿದರೆ ಎಂಜಿನ್ ಗರಗರ ಎಂದಿತೇ ಹೊರತು ಚಾಲೂ ಆಗಲಿಲ್ಲ.

ಇಳಿದೆ. ಪೆಟ್ರೋಲ್ ಪೈಪು ಕಿತ್ತು ನೋಡಿದೆ, ಪೆಟ್ರೋಲು ಬರುತ್ತಿತ್ತು. ಏರ್ ಫಿಲ್ಟರ್ ಬಿಚ್ಚಿದೆ, ಸ್ವಚ್ಛವಾಗಿತ್ತು. ಕಿಡಿ ಹುಟ್ಟಿಸುವ ಕಾಯಿಲಿನ ವೈರನ್ನು ಲೋಹದ ಹತ್ತಿರ ಹಿಡಿದೆ, ನೀಲಿ ಕಿಡಿ ಹಾರಿತು. ಒಳಗೆ ಆಕೆ ನರಳುತ್ತಿದ್ದಳು, ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿದೆ.

"ಏನಾಗೇತ್ರಿ ಮಿಸ್ತ್ರೀ?" ಎಂದು ಫಕೀರಪ್ಪ ಕೇಳಿದ. ಗ್ಯಾರೇಜು ತೆರೆದಂದಿನಿಂದ ಯಾರಿಗೂ 'ಗೊತ್ತಿಲ್ಲ' ಎಂದವನಲ್ಲ ನಾನು. ಅಂದು ಅದೇ ಮಾತು ಹೇಳಬೇಕಾಯಿತು.

ಆಗ ನೀಲವ್ವ ಅಷ್ಟು ನೋವಿನಲ್ಲೂ ಸ್ಪಷ್ಟವಾಗಿ, "ಅಣ್ಣಾ, ಇನ್ನೊಮ್ಮೆ ತಿರುವ್ರಿ. ಚಾಲೂ ಆಕ್ಕೈತಿ" ಎಂದಳು. ತಿರುವಿದೆ. ಒಂದೇ ಸಲಕ್ಕೆ ಚಾಲೂ ಆಯಿತು. ಹುಬ್ಬಳ್ಳಿ ಮುಟ್ಟುವವರೆಗೆ ಒಮ್ಮೆಯೂ ತಡವರಿಸಲಿಲ್ಲ.

ತಾಯಿ, ಮಗು ಇಬ್ಬರೂ ಉಳಿದರು. "ಇನ್ನ ಸ್ವಲ್ಪ ತಡಾ ಆಗಿದ್ರ ಕಠಿಣ ಇತ್ರಿ" ಎಂದರು ಆಸ್ಪತ್ರೆಯ ಲೇಡಿ ಡಾಕ್ಟರ್.

ಗಾಡಿಯನ್ನು ಎಲ್ಲೇ ನಿಲ್ಲಿಸಲಿ, ಯಾರೂ ಕದ್ದೊಯ್ಯದಿರಲೆಂದು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗಿನ ರೋಟರನ್ನು ಜೇಬಿಗೆ ಹಾಕಿಕೊಳ್ಳುವುದು ನಮ್ಮಂಥವರ ರೂಢಿ. ಹೆಬ್ಬೆರಳಿನಷ್ಟು ತುಂಡು ಅದು, ಆದರೆ ಕಾಯಿಲಿನ ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವುದು ಅದೇ, ಅದಿಲ್ಲದೆ ಗಾಡಿ ಓಡದು. ಸಿಹಿಸುದ್ದಿ ಕೇಳಿದ ಮೇಲೆ ಅದನ್ನು ತೆಗೆಯಲು ಬಾನೆಟ್ ಎತ್ತಿ ಮುಚ್ಚಳ ಬಿಚ್ಚಿದೆ. ಒಳಗೆ ರೋಟರ್ ಇರಲಿಲ್ಲ, ನನ್ನ ಅಂಗಿಯ ಜೇಬಿನಲ್ಲಿತ್ತು. ತಂಬೂರಿನಲ್ಲಿ ಕಾಯುತ್ತಿದ್ದಾಗ ರೂಢಿಯಂತೆ ತೆಗೆದಿಟ್ಟು, ಗಡಿಬಿಡಿಯಲ್ಲಿ ಮರೆತಿದ್ದೆ.

ರೋಟರ್ ಇಲ್ಲದೆಯೇ ಮುಚ್ಚಳ ಹಾಕಿ ಅಲ್ಲೇ ಕೀಲಿ ತಿರುವಿದೆ. ಚಾಲೂ ಆಗಲಿಲ್ಲ. ರೋಟರ್ ಕೂರಿಸಿದೆ, ಆಯಿತು. ಆಮೇಲೂ ಗ್ಯಾರೇಜಿನಲ್ಲಿ ಎಷ್ಟೋ ಸಲ ಅದನ್ನು ತೆಗೆದು ಪರೀಕ್ಷಿಸಿದ್ದೇನೆ, ಎಂಜಿನ್ ಒಮ್ಮೆಯೂ ಉಸಿರೆತ್ತಿಲ್ಲ. ಆಸ್ಪತ್ರೆಗೆ ಬಂದ ಮೇಲೆ ನಾನೇ ತೆಗೆದು ಮರೆತೆನೇ? ಹಾಗಿದ್ದರೆ ತಂಬೂರಿನಲ್ಲಿ ಗಾಡಿ ಹಟ ಹಿಡಿದದ್ದೇಕೆ?

ನೀಲವ್ವ ಈಗಲೂ ಎದುರಾದರೆ ಮಗಳನ್ನು ಕರೆದು, "ಈ ಅಣ್ಣಾರು ಅವತ್ತ ಗಾಡಿ ದುರಸ್ತಿ ಮಾಡಿದ್ದಕ್ಕ ನೀ ಉಳದಿ" ಎನ್ನುತ್ತಾಳೆ. ನಾನು ತಿದ್ದುವುದಿಲ್ಲ, ಎದೆ ಉಬ್ಬಿಸಿ ನಿಲ್ಲುತ್ತೇನೆ. ಲೆಕ್ಕವಿಲ್ಲದಷ್ಟು ಎಂಜಿನ್ ಬಿಚ್ಚಿ ಸರಿಮಾಡಿದ್ದೇನೆ. ಆದರೆ ನಾನು ಏನನ್ನೂ ಸರಿಮಾಡದೆ ಓಡಿದ ಆ ಗಾಡಿಯ ಬಗ್ಗೆ ಇರುವಷ್ಟು ಹೆಮ್ಮೆ ನನಗೆ ಬೇರೆ ಯಾವುದರ ಬಗ್ಗೆಯೂ ಇಲ್ಲ.