ಎಂಟನೇ ಮೈಲಿಯ ದನಿ

ಮೊನ್ನೆ ಅಟ್ಲಾಂಟಾ ಪಕ್ಕದ ನಮ್ಮ ಅಲ್ಫರೆಟಾದಲ್ಲಿ ಪಕ್ಕದ ಮನೆಯವರು ಹೊಸ ಕಾರು ತಂದರು. ಡ್ರೈವ್‌ವೇಯಲ್ಲೇ ಪೂಜೆ. ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಅದರ ನೀರನ್ನು ಕಾರಿನ ತಲೆಗೆ ಚಿಮುಕಿಸಲು ಹೊರಟಾಗ ನಾನು ಓಡಿಹೋಗಿ ಕೈ ಅಡ್ಡ ಹಿಡಿದೆ. "ಆಂಟೆನಾ ಹತ್ರ ಹಾಕಬೇಡಿ" ಎಂದೆ. ಎಲ್ಲರೂ ನಕ್ಕರು. ಬಿಸಿಲಿಗೆ ಕಾದ ತಗಡಿನ ಮೇಲೆ ಕಾಯಿನೀರು ಬಿದ್ದ ವಾಸನೆ ಇದೆಯಲ್ಲ, ಅದು ನನಗೆ ಆಗುವುದಿಲ್ಲ. ಯಾಕೆಂದು ಹೇಳಬೇಕಾದರೆ ಮಲ್ಲಪ್ಪ ಅಂಕಲ್ ಕಥೆ ಹೇಳಬೇಕು.

ವಿಜಯಪುರದ ಕಡೆಯವರು. ಇಲ್ಲಿಂದ ಹತ್ತು ಗಂಟೆ ದಾರಿಯ ಗೈದರ್ಸ್‌ಬರ್ಗ್‌ನಲ್ಲಿ ಯಾವುದೋ ಲ್ಯಾಬಿನಲ್ಲಿ ಕೆಲಸ. ಕೋವಿಡ್ ವರ್ಷ ಅದನ್ನು ಬಿಟ್ಟು, ಆ ವಯಸ್ಸಿನಲ್ಲಿ ಟ್ರಕ್ ಲೈಸೆನ್ಸ್ ತೆಗೆದು, ಅಲ್ಲಿಂದ ಅಟ್ಲಾಂಟಾಕ್ಕೆ ಸರಕು ಹೊಡೆಯತೊಡಗಿದರು. ಇಲ್ಲಿಗೆ ಬಂದಾಗೆಲ್ಲ ನಮ್ಮ ಮನೆಯಲ್ಲೇ ಊಟ. ಆ ವರ್ಷದ ಆಯುಧಪೂಜೆಗೆ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಅಷ್ಟುದ್ದ ಟ್ರಕ್ಕು ನಿಂತಿದ್ದರೆ ಉಳಿದವರ ಕಾರುಗಳು ಆಟಿಕೆಗಳಂತಿದ್ದವು. "ನೀ ಎಂಜಿನಿಯರ್ ಇದ್ದೀ, ನೀನ ಒಡಿ" ಎಂದು ಕಾಯಿ ನನ್ನ ಕೈಗೆ ಕೊಟ್ಟರು. ನಾನೋ, ಎಲೆಕ್ಟ್ರಾನಿಕ್ಸ್ ಓದಿದ ಮಹಾಶಯ, ಭಕ್ತಿ ಉಕ್ಕಿ ಆಂಟೆನಾದ ಬುಡಕ್ಕೆ ಪೂರ್ತಿ ನೀರು ಸುರಿದು ಕುಂಕುಮ ಮೆತ್ತಿದೆ.

ಅದು ಸಿಬಿ ರೇಡಿಯೊ ಆಂಟೆನಾ. ಟ್ರಕ್ಕಿನವರು ಮುಂದೆ ಮಂಜಿದೆ, ಗಾಡಿ ನಿಂತಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಆ ರೇಡಿಯೊದಲ್ಲಿ. ಮಾತಾಡಲು ಪುರುಸೊತ್ತಿಲ್ಲದವರು ಮೈಕಿನ ಗುಂಡಿಯನ್ನು ಎರಡು ಸಲ ಒತ್ತುತ್ತಾರೆ. ಟಕ್ ಟಕ್ ಎಂದರೆ ಕೇಳಿಸಿತು ಎಂದರ್ಥ.

ಕೆಲವು ತಿಂಗಳ ಮೇಲೆ ಅಂಕಲ್ ಬಂದವರು ಊಟಕ್ಕೇ ಏಳಲಿಲ್ಲ. ನಾರ್ತ್ ಕ್ಯಾರೊಲಿನಾ ಗಡಿಯ ಘಾಟಿನಲ್ಲಿ, ಬೆಳಿಗ್ಗೆ ಹತ್ತಕ್ಕೆ, ಮಂಜಿನೊಳಗೆ, ರೇಡಿಯೊದ ಕರಕರದ ನಡುವೆ ಒಬ್ಬ ಹೆಂಗಸು ಕೇಳುತ್ತಿದ್ದಳಂತೆ, ಇದು ಎಷ್ಟನೇ ಮೈಲಿ, ಏನೂ ಕಾಣುತ್ತಿಲ್ಲ ಎಂದು.

"ಎಂಟನೇ ಮೈಲಿ, ಎಂಟನೇ ಮೈಲಿ ಅಂತ ಮೂರು ಸಲ ಹೇಳೀನಿ ತಮ್ಮಾ. ಆಕಿಗೆ ಮುಟ್ಟಲಿಲ್ಲ. ಮತ್ತ ಮತ್ತ ಅದನ್ನ ಕೇಳ್ತಿದ್ಳು. ಆಮ್ಯಾಲೆ ದನೀನ ನಿಂತು ಹೋತು. ಏನಾದ್ಳೋ ಏನೋ."

ನನ್ನ ಹೆಂಡತಿ ಬಡಿಸಿದ ಅನ್ನ ಹಾಗೇ ಆರಿತು. "ಈ ರೇಡಿಯೊ ರಿಪೇರಿ ಆಗೂತನಕ ನಾ ಆ ಘಾಟ್ ಹತ್ತಂಗಿಲ್ಲ" ಎಂದರು ಅಂಕಲ್.

ಮರುದಿನ ನಾನು ಮೀಟರ್ ಹಿಡಿದು ಹೊರಟೆ. ಎಂಜಿನ್ ಚಾಲೂ ಮಾಡಿದರೆ ರೇಡಿಯೊ ಪೂರ್ತಿ ಕರಕರ. ಒಂದು ಗಂಟೆ ವಯರು ಹುಡುಕಿ ಸುಸ್ತಾದ ಮೇಲೆ ಕಂಡದ್ದು ಡ್ಯಾಶ್‌ಬೋರ್ಡಿನ ಗಣಪತಿ ಸುತ್ತ ಮಿನುಗುತ್ತಿದ್ದ ಎಲ್‌ಇಡಿ ಸರ. ಅದನ್ನು ಕಿತ್ತೆ, ಕರಕರ ನಿಂತಿತು. ಆದರೆ ಮಾತು ಮಾತ್ರ ಹೊರಗೆ ಹೋಗುತ್ತಿರಲಿಲ್ಲ. ಆಂಟೆನಾಕ್ಕೆ ಕೊಟ್ಟ ಶಕ್ತಿಯೆಲ್ಲ ವಾಪಸ್ ಬರುತ್ತಿದೆ ಎಂದು ಮೀಟರ್ ಹೇಳಿತು. ಬುಡ ಬಿಚ್ಚಿದೆ. ಒಳಗೆಲ್ಲ ಹಸಿರು ಕಿಲುಬು, ಅದರ ಮೇಲೆ ಒಣಗಿದ ಕುಂಕುಮ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. ಅಂಕಲ್ ನೋಡುವ ಮೊದಲೇ ಉಪ್ಪುಕಾಗದ ಹಾಕಿ ಉಜ್ಜಿದೆ, ಹೊಸ ಕೇಬಲ್ ಎಳೆದೆ. "ತುಕ್ಕು ಹಿಡಿದಿತ್ತು ಅಂಕಲ್" ಎಂದೆ, ಅಷ್ಟೇ. ಆ ಹೆಂಗಸಿಗೆ ಉತ್ತರ ಮುಟ್ಟದಂತೆ ಮಾಡಿದವನು ನಾನು ಎಂದು ಹೇಳುವ ಧೈರ್ಯ ಬರಲಿಲ್ಲ.

ವಾಪಸ್ ಹೋಗುವಾಗ ಪರೀಕ್ಷೆಯ ನೆಪದಲ್ಲಿ ನಾನೂ ಹತ್ತಿಕೊಂಡೆ. ಘಾಟಿನಲ್ಲಿ ಹಾಲಿನಂಥ ಮಂಜು. ಎಂಟನೇ ಮೈಲಿಯ ಕಲ್ಲು ಕಂಡಿತು, ರೇಡಿಯೊ ಮಾತಾಡಿತು. ಹೆಣ್ಣು ದನಿ, ಅವಸರವಿಲ್ಲದೆ: "ಇದು ಎಷ್ಟನೇ ಮೈಲಿ? ಏನೂ ಕಾಣ್ತಿಲ್ಲ."

ಅಂಕಲ್ ಮೈಕು ಎತ್ತಿ, "ಎಂಟನೇ ಮೈಲಿ. ನಾವು ಹಿಂದೇ ಇದ್ದೀವಿ, ಹೆದರಬೇಡಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು.

"ಅಂತೂ ಸಿಕ್ಕಿದ್ರಿ" ಎಂದಳು. "ಎಷ್ಟು ದಿನದಿಂದ ಕೇಳ್ತಿದ್ದೀನಿ."

ಮತ್ತೆ ಸದ್ದಿಲ್ಲ. ಘಾಟು ಇಳಿಯುವವರೆಗೂ ರಸ್ತೆಯಲ್ಲಾಗಲಿ ಪಕ್ಕದಲ್ಲಾಗಲಿ ಒಂದೂ ಗಾಡಿ ಇರಲಿಲ್ಲ. ಕೆಳಗೆ ಸಿಕ್ಕ ಟ್ರಕ್ ಸ್ಟಾಪಿನಲ್ಲಿ ಅಂಕಲ್ ಬುತ್ತಿ ಬಿಚ್ಚಿ ಎರಡು ರೊಟ್ಟಿ ತಿಂದರು. ನಾನು ನೀರು ಕುಡಿಯಲೂ ಹೆದರಿ ಕೂತಿದ್ದೆ.

ಈ ರೇಡಿಯೊದ ಅಲೆ ಒಮ್ಮೊಮ್ಮೆ ಆಕಾಶಕ್ಕೆ ಬಡಿದು ನೂರಾರು ಮೈಲಿ ಆಚೆ ಇಳಿಯುತ್ತದೆ. ಆ ಹೆಂಗಸು ಎಲ್ಲೋ ದೂರದವಳು ಎಂದು ನಾನು ಕೇಳಿದವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. "ಎಷ್ಟು ದಿನದಿಂದ" ಎಂಬುದಕ್ಕೆ ಮಾತ್ರ ನನ್ನ ಓದಿನಲ್ಲಿ ಉತ್ತರವಿಲ್ಲ.

ಮೊನ್ನೆ ಪೂಜೆ ಮುಗಿಸಿ ಮನೆಗೆ ಬಂದವನೇ ಅಂಕಲ್‌ಗೆ ಫೋನ್ ಮಾಡಿದೆ. ಟ್ರಕ್ಕಿನಲ್ಲಿದ್ದರು, ಕಿವಿಗೆ ಹೆಡ್‌ಸೆಟ್ಟು. "ಅಂಕಲ್, ಆಂಟೆನಾ ಹಾಳಾಗಿದ್ದು ನಾನು ಹಾಕಿದ ಕಾಯಿನೀರಿಂದ. ಅವತ್ತು ನಿಮಗೆ ಹೇಳ್ಲಿಲ್ಲ" ಎಂದೆ.

"ನೀ ಒಂದ ಸಲ ಹಾಕೀದಿ. ನಾ ಅಮಾಸಿಗೊಂದು ಕಾಯಿ ಅಲ್ಲೇ ಒಡೀತಿದ್ದೆ. ನಾನೂ ನಿನಗ ಹೇಳಲಿಲ್ಲ."

ಇಷ್ಟು ವರ್ಷ ಇಬ್ಬರೂ ಒಂದೇ ಹೊರೆ ಬೇರೆ ಬೇರೆ ಹೊತ್ತಿದ್ದೆವು. ನನಗೆ ಅಳು ಬಂತು.

"ತಡಿ, ಆ ಜಾಗ ಬಂತು" ಎಂದರು. ಮೈಕಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಎಂಟನೇ ಮೈಲಿ. ರಸ್ತೆ ಚೆನ್ನಾಗಿದೆ. ಎಂಟನೇ ಮೈಲಿ."

"ಯಾರಾದ್ರೂ ಕೇಳಿದ್ರಾ ಅಂಕಲ್?"

"ಇಲ್ಲ. ಕೇಳದಿದ್ರೂ ಪ್ರತಿ ಸಲ ಹೇಳ್ತೀನಿ."

ಆಗ ಅವರ ರೇಡಿಯೊದಿಂದ ಟಕ್ ಟಕ್ ಎಂದು ಎರಡು ಸಲ ಸದ್ದಾಯಿತು.

"ಹತ್ರ ಯಾವುದಾದ್ರೂ ಗಾಡಿ ಇದ್ಯಾ?"

"ಚೊಕ್ಕ ಬಿಸಲ ಐತಿ. ರಸ್ತಾ ಪೂರಾ ಖಾಲಿ."

ಆಕಾಶಕ್ಕೆ ಬಡಿಯುವ ಅಲೆಯ ವಿವರಣೆ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. "ಹುಷಾರಾಗಿ ಹೋಗಿ" ಎಂದೆ, ಇಬ್ಬರಿಗೂ.