ಭಟ್ರಿಗೆ ತಂದ ತಿಳಿ

ನಾನು ನಡೆಸುವ ಹೋಟೆಲಿನ ಅಡುಗೆ ಭಟ್ರ ಲಿವರ್ ಕೆಟ್ಟಿತ್ತು. ಒಸಡಿನ ರಕ್ತ ನಿಲ್ತಿರಲಿಲ್ಲ, ಪ್ಲಾಸ್ಮಾ, ಅಂದ್ರೆ ರಕ್ತದ ಕಣ ತೆಗೆದು ಉಳಿಯುವ ಹಳದಿ ನೀರು, ಏರಿಸಬೇಕು ಅಂದ್ರು ಡಾಕ್ಟರು. ಥಾಣೆಯ ಬ್ಲಡ್ ಬ್ಯಾಂಕಿನಿಂದ ಐಸ್ ಡಬ್ಬಿ ಎದೆಗವಚಿಕೊಂಡು, ಕಲ್ಯಾಣ ಲೋಕಲ್ ರೈಲಿನಲ್ಲಿ ನಿಂತೇ ಡೊಂಬಿವಲಿಯ ಆಸ್ಪತ್ರೆಗೆ ಮುಟ್ಟಿಸಿದೆ.

ನರ್ಸ್ ಹಳದಿ ಚೀಲ ತೂಗುಹಾಕಿದ್ದೇ ಭಟ್ರು ಕೈ ಎಳ್ಕೊಂಡ್ರು. "ಎಂತ ಮಾರಾಯ್ರೆ, ರಕ್ತದ ಬದಲು ಬರೀ ತಿಳಿ ತಂದದ್ದಾ? ಗಟ್ಟಿ ಯಾರಿಗೆ ಬಡಿಸಿದ್ರಿ?"

ತಪ್ಪು ನನ್ನದೇ. ರಶ್ ಇದ್ದಾಗ ಸಾರಿನ ಮೇಲಿನ ತಿಳಿ ಮಾತ್ರ ಬಡಿಸಿ, ಬೇಳೆ ಅಡಿಯಲ್ಲೇ ಇರಲಿ ಅಂತ ಅವರಿಗೆ ಹೇಳಿಕೊಟ್ಟವನು ನಾನು.

ಡಾಕ್ಟರು ಹೇಳಿದ್ದನ್ನೇ ಒಪ್ಪಿಸಿದೆ. "ಭಟ್ರೆ, ಕೆಂಪಿನದ್ದು ಆಕ್ಸಿಜನ್ ಹೊರುವ ಕೆಲಸ. ಉಂಡದ್ದರ ಸತ್ವ, ಉಪ್ಪು, ಮದ್ದು, ಮೈಯ ಕಸ, ರಕ್ತ ಹೆಪ್ಪುಗಟ್ಟಿಸುವ ಸಾಮಾನು, ಎಲ್ಲ ಓಡಾಡೋದು ಈ ತಿಳಿಯಲ್ಲೇ."

"ಬೇಳೆ ಕೇಳಿದ ಗಿರಾಕಿಗೂ ನೀವು ಇದನ್ನೇ ಹೇಳ್ತಿದ್ರಿ," ಅಂತ ಭಟ್ರು ಕೈ ಚಾಚಿದ್ರು.

ಒಸಡಿನ ರಕ್ತ ನಿಂತಿತು. ಲಿವರ್ ಮಾತ್ರ ಸುಧಾರಿಸಲಿಲ್ಲ; ಭಟ್ರು ನಾಲ್ಕು ದಿನ ಇದ್ದು ತೀರಿಕೊಂಡ್ರು. ತಿಳಿಯ ಬಗ್ಗೆ ನಾನು ಜನ್ಮದಲ್ಲಿ ಹೇಳಿದ ಒಂದೇ ನಿಜವನ್ನು ಅವರು ನಂಬಿದ್ರೋ, ಧಣಿಯ ಮಾತು ಅಂತ ಸುಮ್ಮನಾದ್ರೋ, ಕೇಳೋ ಧೈರ್ಯ ನನಗೆ ಬರಲಿಲ್ಲ.