ಎಡಗಡೆಯ ಸೀಟು

ಕಾರಿನಲ್ಲಿ ಚಾಲಕನ ಪಕ್ಕ, ಎಡಗಡೆಯ ಸೀಟಿನಲ್ಲಿ ಕುಳಿತ ಯಾವ ಮನುಷ್ಯನೂ ಸುಮ್ಮನಿರಲಾರ ಎಂಬುದನ್ನು ನೀವೂ ಗಮನಿಸಿರಬಹುದು. ಮನೆಯಲ್ಲಿ ಮೌನವ್ರತ ಹಿಡಿದವರೂ ಆ ಆಸನವನ್ನು ಅಲಂಕರಿಸಿದೊಡನೆ ಉಪದೇಶಕರಾಗುತ್ತಾರೆ; ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಾರೆ. ಇದನ್ನು ನಾನು ಅಧಿಕಾರವಾಣಿಯಿಂದಲೇ ಹೇಳಬಲ್ಲೆ, ಏಕೆಂದರೆ ಪುಣೆಯ ನಮ್ಮ ಹಳೆಯ ಕಾರುಗಳ ಕ್ಲಬ್ಬಿನಲ್ಲಿ ಲೈಸೆನ್ಸಿದ್ದೂ ಕಾರಿಲ್ಲದ ಏಕೈಕ ಸದಸ್ಯ ನಾನು. ಎಲ್ಲರ ದನಿಯನ್ನೂ ಅನುಕರಿಸಿ ನಗಿಸುತ್ತೇನೆಂಬ ಒಂದೇ ಅರ್ಹತೆಯ ಮೇಲೆ ಯಾರಾದರೂ ನನ್ನನ್ನು ಎಡಗಡೆ ಹೇರಿಕೊಂಡು ಹೋಗುತ್ತಾರೆ. ಸ್ಟೆಪ್ನಿಗೂ ನನಗೂ ಇರುವ ವ್ಯತ್ಯಾಸವೆಂದರೆ, ಅದು ಮಾತಾಡುವುದಿಲ್ಲ, ಮತ್ತು ಆಪತ್ತಿನಲ್ಲಿ ಉಪಯೋಗಕ್ಕೆ ಬರುತ್ತದೆ.

ನನ್ನ ಅನುಕರಣೆಗಳಲ್ಲಿ ಅತಿ ಬೇಡಿಕೆಯದು ಮಠಪತಿ ಕಾಕೂ ಅವರದು. ವಿಜಯಪುರದ ಕಡೆಯಿಂದ ಬಂದು ಪುಣೆ ಕ್ಯಾಂಪಿನಲ್ಲಿ ಬಟ್ಟೆ ಅಂಗಡಿ ಇಟ್ಟ ಮಠಪತಿ ಕಾಕಾ ಕಾರು ಓಡಿಸುವಾಗ ಅವರ ಈ ಹೆಂಡತಿ ದಾರಿಯುದ್ದಕ್ಕೂ ವೀಕ್ಷಕ ವಿವರಣೆ ಕೊಡುತ್ತಿರುತ್ತಾರೆ: “ಎಡಕ್ಕ ಸೈಕಲ್ ಅದ ರೀ. ಎಡಕ್ಕ ಎಮ್ಮಿ ಅದ, ಸಾವಕಾಶ.” ಕಳೆದ ಚಳಿಗಾಲದ ಒಂದು ವಾರಾಂತ್ಯ ಇಂದಾಪುರದ ಆಚೆ, ಕಬ್ಬಿನ ಹೊಲಗಳ ನಡುವೆ ಡೇರೆ ಹಾಕಿದ್ದಾಗ, ಸಂಜೆಯ ಚಹಾದ ಹೊತ್ತಿಗೆ ಇದನ್ನೇ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಕಾಕಾ, ಕಾಕೂ ಇಬ್ಬರೂ ಎಲ್ಲರಿಗಿಂತ ಜಾಸ್ತಿ ನಕ್ಕರು. ಕಲಾವಿದನಿಗೆ ಇನ್ನೇನು ಬೇಕು?

ಭಾನುವಾರ ಬೆಳಿಗ್ಗೆ ಹಳ್ಳಿದಾರಿಗಳಲ್ಲಿ ಒಂದು ಸುತ್ತು ಹೊಡೆಯುವಾಗ ಎಡಗಡೆಯವರನ್ನು ಅದಲುಬದಲು ಮಾಡುವುದು ನಮ್ಮಲ್ಲಿ ಪದ್ಧತಿ. ದಂಪತಿಗಳಿಗೆ ಪರಸ್ಪರರಿಂದ ಅಲ್ಪವಿರಾಮ ದಯಪಾಲಿಸುವ ಪುಣ್ಯಕಾರ್ಯ. ಚೀಟಿ ಎತ್ತಿದಾಗ ಕಾಕಾ ಅವರ ಪಾಲಿಗೆ ನಾನು ಬಂದೆ. ಕಾಕೂ ನನ್ನನ್ನು ಪಕ್ಕಕ್ಕೆ ಕರೆದು, ಜಾಗ ಬದಲಾಯಿಸಿಕೊಳ್ಳೋಣವೇ ಎಂದರು. ಅಷ್ಟು ಹೊತ್ತೂ ಗಂಡನನ್ನು ಬಿಟ್ಟಿರಲಾರಿರಾ ಎಂದು ಅವರದೇ ದನಿಯಲ್ಲಿ ಕೆಣಕಿದೆ. ಅವರು ನಗಲಿಲ್ಲ. “ಹಂಗಾದ್ರ ಬಾಯಿ ಮುಚ್ಚಿ ಕೂಡಬ್ಯಾಡ ತಮ್ಮಾ, ಮಾತಾಡ್ಕೋತ ಇರು,” ಎಂದರು. ಬಾಯಿ ತೆರೆದಿಟ್ಟುಕೋ ಎಂದು ನನಗೆ ಹೇಳಿದ ಮೊದಲ ಮಹಾನುಭಾವರು ಅವರೇ ಇರಬೇಕು.

ಹೊರಟು ಸ್ವಲ್ಪ ದೂರಕ್ಕೇ ನಮ್ಮ ಕಾರು ರಸ್ತೆಯ ಎಡ ಅಂಚಿನಲ್ಲಿದ್ದ ಸೈಕಲ್ಲಿನವನನ್ನು ಸವರಿದಂತೆ ಹೋಯಿತು. ಆಮೇಲೆ, ಕಬ್ಬು ಹೇರಿಕೊಂಡು ನಿಂತಿದ್ದ ಟ್ರ್ಯಾಕ್ಟರಿನ ಬಾಲ ನನ್ನ ಕಿಟಕಿಗೆ ಗೇಣಿನಷ್ಟು ಹತ್ತಿರ ಬಂದಾಗ ಕೂಗಿಬಿಟ್ಟೆ, ಶುದ್ಧ ಸ್ವಂತ ದನಿಯಲ್ಲಿ. ಕಾಕಾ ಕಾರು ನಿಲ್ಲಿಸಿ ಹಣೆ ಒರೆಸಿಕೊಂಡರು. ಎಡಗಣ್ಣು ಮಬ್ಬಾಗಿ ಒಂದೆರಡು ವರ್ಷವಾಯಿತೆಂದೂ, ಇನ್ನದು ತಿಳಿಯಾಗದೆಂದು ಡಾಕ್ಟರು ಕೈಚೆಲ್ಲಿದ್ದಾರೆಂದೂ, ಕಾರು ಬಿಟ್ಟರೆ ತಾವು ಅಂಗಡಿ ಮೂಲೆಯ ಮುದುಕನಾಗಿಬಿಡುವ ಹೆದರಿಕೆಯೆಂದೂ ರಸ್ತೆಯನ್ನೇ ನೋಡುತ್ತ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಆಕಿ ದನಿ ತೆಗಿ ತಮ್ಮಾ. ನಿನಗ ಭಾಳ ಛಲೋ ಬರ್ತದ. ಡೇರೆ ತನಕಾ ಮುಟ್ಟಸ್ತೀನಿ,” ಎಂದರು.

ಆ ದನಿಯ ಎಳೆತ, ಒತ್ತು, ಉಸಿರು ಎಲ್ಲವನ್ನೂ ನನ್ನ ಕಿವಿ ಹಿಡಿದಿಟ್ಟಿತ್ತು. ಈ ಹೆಂಗಸಿಗೆ ಬಲಗಡೆ ಯಾಕೆ ಯಾವತ್ತೂ ಒಂದು ಎಮ್ಮೆಯೂ ಕಾಣುವುದಿಲ್ಲ ಎಂದು ಮಾತ್ರ ಕೇಳಿಕೊಂಡಿರಲಿಲ್ಲ. ಗಂಡನ ಕೈಯಲ್ಲಿ ಸ್ಟೇರಿಂಗ್ ಉಳಿಯುವುದಾದರೆ ತಾನು ವಾಚಾಳಿಯೆನಿಸಿಕೊಂಡರೂ ಸರಿ ಎಂದು ನಮ್ಮ ನಗುವಿನ ಮರೆಯಲ್ಲಿ ಆಕೆ ಅವರನ್ನು ಬಚ್ಚಿಟ್ಟಿದ್ದರು. ನಾನು ದನಿ ತೆಗೆದೆ. ಎಡಕ್ಕ ಕಲ್ಲು ಅದ ರೀ, ಎಡಕ್ಕ ಗಟಾರ ಅದ ರೀ. ಜೀವಮಾನದ ಶ್ರೇಷ್ಠ ಪ್ರದರ್ಶನವೇ ಇರಬೇಕು, ಏಕೆಂದರೆ ‘ರೀ’ಯನ್ನು ಸರಿಯಾಗಿ ಎಳೆಯುವ ತನ್ಮಯತೆಯಲ್ಲಿ ಕಬ್ಬಿನಿಂದ ಹೊರಬಂದ ಕರುವನ್ನು ನಾನು ನೋಡಲೇ ಇಲ್ಲ. ಕಾಕಾ ಹೇಗೋ ಬ್ರೇಕು ಹಾಕಿದರು. ಕರು ನಮ್ಮಿಬ್ಬರನ್ನೂ ನಿರ್ಲಕ್ಷ್ಯದಿಂದ ನೋಡಿ ದಾಟಿತು.

“ದನಿ ಆಕೀದ ಅದ,” ಎಂದರು ಕಾಕಾ, “ಕಣ್ಣು ಆಕೀವಲ್ಲ.”

ಬೈಗುಳವಾಗಿದ್ದರೆ ಅನುಕರಿಸಬಹುದಿತ್ತು. ಅವರು ಇಂಜಿನ್ ಆರಿಸಿ, ಕೀಲಿಯನ್ನು ತುಸು ಹೊತ್ತು ಅಂಗೈಯಲ್ಲಿ ಇಟ್ಟುಕೊಂಡಿದ್ದು, ನನಗೆ ಕೊಟ್ಟು, ಕಾರಿನ ಮುಂಭಾಗವನ್ನು ಸುತ್ತಿಕೊಂಡು ಎಡಗಡೆಗೆ ಬಂದರು.

ಡೇರೆ ತಲುಪಿದಾಗ ನಾನು ಬಲಗಡೆಯಿಂದ ಇಳಿದದ್ದನ್ನು ಕಂಡು, ನನಗೂ ಬಡ್ತಿ ಸಿಕ್ಕಿತಲ್ಲ ಎಂದು ಎಲ್ಲರೂ ತಮಾಷೆ ಮಾಡಿದರು. ಕಾಕೂ ಕೀಲಿ ಯಾರ ಕೈಲಿದೆಯೆಂದು ನೋಡಿ, ಹಾಸಿಗೆ ಸುತ್ತಲು ಹೋದರು. ಊಟದ ನಂತರ ಪುಣೆಗೆ ಹೊರಟಾಗಲೂ ಅವರ ಕಾರನ್ನು ನಾನೇ ಓಡಿಸಿದೆ, ಕಾಕಾ ಎಡಗಡೆ ಕುಳಿತರು; ಹಿಂದಿನ ಸೀಟಿನಲ್ಲಿ ಕುಳಿತ ಕಾಕೂ ಮೋರಗಾಂವ್ ದಾಟಿದರೂ ಒಂದು ಮಾತಾಡಲಿಲ್ಲ. ಎದುರಿಗೆ ಲಾರಿ ಬಂತು, ಪಕ್ಕದಲ್ಲಿ ಎಮ್ಮೆಗಳು ಬಂದವು. ನನಗೆ ಎರಡೂ ಕಣ್ಣು ನೆಟ್ಟಗಿದ್ದವು. ಅವರ ಮಾತು ಯಾರಿಗೂ ಬೇಕಾಗಿರಲಿಲ್ಲ. ಆ ಮೌನದಲ್ಲಿ ಕಾರು ಓಡಿಸುವುದು ಬಲು ಕಷ್ಟವಾಯಿತು.

ಜೇಜುರಿ ಸಮೀಪಿಸಿದಾಗ ಹಿಂದಿನಿಂದ ದನಿ ಬಂತು. “ರೀ, ಎಡಕ್ಕ ಗುಡ್ಡ ಬಂತು. ಖಂಡೋಬಾಗ ಕೈ ಮುಗೀರಿ.”

ಕಾಕಾ ಕುತ್ತಿಗೆಯನ್ನು ಪೂರ್ತಿ ಎಡಕ್ಕೆ ಹೊರಳಿಸಿದರು. ಇಷ್ಟು ವರ್ಷ ಇದೇ ದಾರಿಯಲ್ಲಿ ಸ್ಟೇರಿಂಗಿನಿಂದ ಒಂದು ಕೈಯನ್ನಷ್ಟೇ ಎತ್ತಿ ಎದೆಗೆ ಮುಟ್ಟಿಸಿಕೊಂಡು ಹೋದವರು, ಈಗ ಎರಡೂ ಕೈ ಜೋಡಿಸಿದರು. ನಾನು ಗೇರು ಇಳಿಸಿ, ಗುಡ್ಡ ಹಿಂದೆ ಸರಿಯುವವರೆಗೂ ಸಾವಕಾಶ ಹೋದೆ.